ಎಂಜಲಿನ ಎಂಜಿನ್ನು

ನಮ್ಮ ಬೀದಿಯ ತಿರುವಿನಲ್ಲಿ ಈಗ ಅವರ ಫ್ಲೆಕ್ಸ್ ನಿಂತಿದೆ. ಅದರಲ್ಲಿ ಅವರು ಕೋಟು ತೊಟ್ಟಿದ್ದಾರೆ. ಬದುಕಿದ್ದಾಗ ಒಂದು ದಿನವೂ ಕೋಟು ಹಾಕದವರಿಗೆ ಫ್ಲೆಕ್ಸ್ ಅಂಗಡಿಯವರು ಯಾರದೋ ಕೋಟು ಅಂಟಿಸಿ, ತುಟಿಯ ಮೂಲೆಯಲ್ಲಿ ಸದಾ ಇರುತ್ತಿದ್ದ ಕೆಂಪು ಗೆರೆಯನ್ನು ಅಳಿಸಿ, ಬೆನ್ನ ಹಿಂದೆ ಬಿಳಿ ಮೋಡಗಳನ್ನು ಇಟ್ಟಿದ್ದಾರೆ. "ಕೆಳಗೆ ಎರಡು ಸಾಲು ಬರೆದುಕೊಡೇ, ನೀನು ಕಾನ್ವೆಂಟಿನಲ್ಲಿ ಓದಿದವಳು" ಎಂದು ನಮ್ಮನೆಯವರು ಕೇಳಿದ್ದರು. ಬರೆಯಲು ಕೂತೆ. "ಶುದ್ಧ ಮನಸ್ಸಿನ" ಎಂದು ಶುರು ಮಾಡಿದೆ. ಶುದ್ಧ ಎಂಬ ಪದ ಬರೆದ ಕೂಡಲೇ ಮೂಗಿಗೆ ಸುಟ್ಟ ಹರಳೆಣ್ಣೆಯ ವಾಸನೆ ಅಡರಿತು. ಪೆನ್ನು ಮುಚ್ಚಿಟ್ಟೆ. ಕೊನೆಗೆ ಅಂಗಡಿಯವರೇ ತಮ್ಮಲ್ಲಿ ಇದ್ದ ಯಾವುದೋ ಸಾಲು ಹಾಕಿಕೊಂಡರು.

ಅವರು ನಮ್ಮನೆಯವರ ಚಿಕ್ಕಪ್ಪ. ನಾನು ಮಾವ ಎನ್ನುತ್ತಿದ್ದೆ. ಹೆಂಡತಿ ಮಕ್ಕಳಿರಲಿಲ್ಲ. ಮಧುಗಿರಿ ಪಾವಗಡ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸಿಕೊಂಡಿದ್ದರು. ಓನರು ಬಸ್ಸು ಮಾರಿದ ಮೇಲೆ ಒಂದು ಟ್ರಂಕು ಮತ್ತು ಒಂದು ಮೊಪೆಡ್ಡಿನೊಂದಿಗೆ ನಮ್ಮ ಮನೆಯ ಮುಂದಿನ ಕೋಣೆಗೆ ಬಂದಿಳಿದರು. ಬಂದ ದಿನವೇ ಎಲೆಗೆ ಸುಣ್ಣ ಹಚ್ಚಿ, ಬೆರಳಿಗೆ ಉಳಿದದ್ದನ್ನು ಹೊಸ ಕರ್ಟನ್ನಿಗೆ ಒರೆಸಿದರು. ನಾನು ನೋಡುತ್ತಿರುವುದನ್ನು ಕಂಡು, "ಒಗದ್ರೆ ಹೋಯ್ತದೆ ಬುಡಮ್ಮ" ಎಂದರು. ಹೋಗಲಿಲ್ಲ. ಚೊಂಬನ್ನು ಎತ್ತಿ ಕುಡಿಯುವ ಅಭ್ಯಾಸ ಅವರಿಗಿರಲಿಲ್ಲ. ಕಚ್ಚಿ ಕುಡಿದು, ಅಂಚಿನಲ್ಲಿ ಅಡಿಕೆಯ ಚೂರು ಬಿಟ್ಟು, ಅದೇ ಚೊಂಬನ್ನು ಕುಡಿಯುವ ನೀರಿನ ಕೊಳಗಕ್ಕೆ ಅದ್ದುತ್ತಿದ್ದರು. ನಾನು ಬೇರೆ ಚೊಂಬು ತಂದು ಅವರ ಕಿಟಕಿಯಲ್ಲಿಟ್ಟೆ. ಮೂರೇ ದಿನಕ್ಕೆ ಅದು ಉಗುಳುವ ಚೊಂಬಾಯಿತು. ಅಡುಗೆಮನೆಯ ಚೊಂಬು ಮತ್ತೆ ಅವರ ಬಾಯಿಗೆ ಹೋಯಿತು.

ನನ್ನನ್ನು ಅವರು ಕರೆಯುತ್ತಿದ್ದದ್ದು ಕಾನ್ವೆಂಟಮ್ಮ ಎಂದು.

"ಕಾನ್ವೆಂಟಮ್ಮ, ನಿಂಗೆ ಮೂಗು ಜಾಸ್ತಿ ಕಣಮ್ಮ. ಮೂಗಿರೋರು ಡ್ರೈವರ್ ಆಗಕಾಗಲ್ಲ. ನಮ್ ಪಾವಗಡದ ಬಸ್ಸಲ್ಲಿ ಕುರಿ, ಕೋಳಿ, ಬಾಣಂತಿ, ಕುಡುಕ ಎಲ್ಲಾ ಒಂದೇ ಸೀಟು."

ರಸ್ತೆಯ ಬಗ್ಗೆ ಅವರದೊಂದು ಮಾತಿತ್ತು. "ರೋಡನ್ನ ನಾವು ನೋಡಬಾರ್ದು. ರೋಡೇ ನಮ್ಮನ್ನ ನೋಡ್ಕಂತದೆ." ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದ ಮೇಲೂ ಹೇಳುವುದನ್ನು ಬಿಡಲಿಲ್ಲ. ಒಂದು ದಿನ ಸಂತೆ ಬೀದಿಯಲ್ಲಿ ಮೊಪೆಡ್ಡನ್ನು ಸೊಪ್ಪಿನ ರಾಶಿಯ ಮೇಲೆ ಹತ್ತಿಸಿದರು. ಸೊಪ್ಪಿನವಳು ಅರ್ಧ ಕ್ಷಣ ಮುಂಚೆ ಎದ್ದು ನಿಂತಿದ್ದಳು, ಅಷ್ಟೇ ಪುಣ್ಯ. ಮೊಪೆಡ್ಡಿನ ಚಕ್ರದಲ್ಲಿ ದಂಟಿನ ಸೊಪ್ಪು ಸುತ್ತಿಕೊಂಡೇ ಮನೆಗೆ ಬಂತು. ನಮ್ಮನೆಯವರು ಕೀಲಿ ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು. "ನನ್ನ ಹತ್ರ ಇದ್ರೆ ನಾನು ಕೊಟ್ಟುಬಿಡ್ತೀನಿ. ನೀನಿಟ್ಕೋ." ಒಳ್ಳೆಯ ಏರ್ಪಾಡು. ಅವರು ಒಳ್ಳೆಯ ಮಗನಾಗಿಯೇ ಉಳಿದರು. ಬೀರುವಿನ ಗೊಂಚಲಿಗೆ ಮೊಪೆಡ್ಡಿನ ಕೀಲಿಯನ್ನೂ ಪೋಣಿಸಿಕೊಂಡು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅಲ್ಲಿಂದ ಮಾವ ಬೀದಿಯ ತಿರುವು ದಾಟಲಿಲ್ಲ. ಐ.ಡಿ.ಹಳ್ಳಿಯಲ್ಲಿ ಅವರ ಹಳೆಯ ಕಂಡಕ್ಟರಿದ್ದರು, ವಾರಕ್ಕೊಮ್ಮೆ ಹೋಗಿ ಕೂರುವ ಜಾಗ. ನಮ್ಮನೆಯವರು ಕಾರಿನಲ್ಲಿ ಬಿಡುತ್ತೇನೆಂದರೂ ಒಲ್ಲರು. "ನಾನು ಪಕ್ಕದ್ ಸೀಟಲ್ಲಿ ಕೂತ್ಕಂಡು ಹೋದ್ರೆ ಅವ್ನು ನಗಾಡ್ತಾನೆ ಕಣ್ಲಾ." ಬೆಳಿಗ್ಗೆ ಕಾಫಿ ಕೊಡಲು ಹೋದರೆ ಲೋಟ ಹಿಡಿಯುವ ಮುಂಚೆ ಕೈ ಚಾಚುತ್ತಿದ್ದರು.

"ಕೀಲಿ ಕೊಡಮ್ಮ."

"ಇಲ್ಲ ಮಾವ."

"ನಂಗೆ ಕಾಣ್ತೈತೆ ಕಣಮ್ಮ."

"ಕಾಫಿ ತಗೊಳ್ಳಿ ಮಾವ, ಆರುತ್ತೆ."

ಹೀಗಿರುವಾಗ ಒಮ್ಮೆ ಸಿರಾದಲ್ಲಿ ಕಣ್ಣಿಗೆ ಸೂಜಿ ಹಾಕಿಸಿಕೊಂಡು ಬರುವ ದಾರಿಯಲ್ಲಿ, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಒಬ್ಬ ಸಾಹೇಬರ ಅಂಗಡಿಯ ಮುಂದೆ ಮಾವ ಕಾರು ನಿಲ್ಲಿಸಲು ಹೇಳಿದರು. ಒಳಗೆ ಏನೋ ಕಿರುಚುತ್ತಿತ್ತು. ಸೊಳ್ಳೆಯೊಂದು ಲಾರಿಯಷ್ಟು ದೊಡ್ಡದಾದರೆ ಹೇಗೆ ಕೂಗಬಹುದೋ ಹಾಗೆ. ಅದು ಸಾಹೇಬರ ಅಕ್ಕನ ಮಗ ಗಲ್ಫಿನಿಂದ ತಂದು, ಎರಡೇ ದಿನ ಆಡಿ ಬೇಸರವಾಗಿ ಮಾಮನ ಅಂಗಡಿಯಲ್ಲಿ ಬಿಟ್ಟುಹೋದ ರಿಮೋಟ್ ಗಾಡಿ. ನಾನು ಕಂಡಿದ್ದ ರಿಮೋಟ್ ಗಾಡಿಗಳಿಗೆಲ್ಲ ಬ್ಯಾಟರಿ. ಇದಕ್ಕೆ ನಿಜವಾದ ಎಂಜಿನ್ನು, ನಿಂಬೆಹಣ್ಣಿನಷ್ಟು. ನೈಟ್ರೋ ಎಂಬ ಗುಲಾಬಿ ಬಣ್ಣದ ಎಣ್ಣೆ ಕುಡಿಯುತ್ತದೆ, ಹಗ್ಗ ಎಳೆದರೆ ಹತ್ತಿಕೊಳ್ಳುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬಿಡುತ್ತದೆ. ಮಾವ ಕಣ್ಣಿಗೆ ಹತ್ತಿ ಅಂಟಿಸಿಕೊಂಡೇ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಆ ಹೊಗೆಯನ್ನು ಮೂಗಿನ ತುಂಬ ಎಳೆದುಕೊಂಡರು.

ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅದು ಹರಳೆಣ್ಣೆಯ ವಾಸನೆ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಅಜ್ಜಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಮೂಗು ಹಿಡಿದು, ಕಾಫಿಗೆ ಹರಳೆಣ್ಣೆ ಬೆರೆಸಿ ಕುಡಿಸುತ್ತಿದ್ದರು. ಆಮೇಲೆ ದಿನವಿಡೀ ಹಿತ್ತಲಿಗೆ ಓಟ. ಈಗಲೂ ಆ ವಾಸನೆ ಬಂದರೆ ನನ್ನ ಕರುಳಿಗೆ ಬೇಸಿಗೆ ರಜೆ ನೆನಪಾಗುತ್ತದೆ. ಆ ಗುಲಾಬಿ ಎಣ್ಣೆಯಲ್ಲಿ ಎಂಜಿನ್ನು ಸವೆಯದಿರಲೆಂದು ಹರಳೆಣ್ಣೆ ಹಾಕಿರುತ್ತಾರಂತೆ.

ಸಾಹೇಬರಿಂದ ಕೊಂಡ ಗಾಡಿಯನ್ನು ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಾವ ಪಂಥ ಕಟ್ಟಿದರು.

"ಲೇ, ಇದನ್ನ ಬಯಲಲ್ಲಿ ಬುಟ್ಟು, ನಿನ್ನ ದೂರ ನಿಲ್ಸಿ, ನಿನ್ ಸುತ್ತ ಒಂದ್ ರೌಂಡ್ ಹೊಡ್ಸಿ, ವಾಪಸ್ ನನ್ ಕಾಲ್ತಾವ ತಂದು ನಿಲ್ಲಿಸ್ತೀನಿ. ಕಣ್ಣಿಲ್ದೋನು ಮಾಡಕಾಯ್ತದಾ? ಮಾಡಿದ್ರೆ ಕೀಲಿ ಕೊಡ್ಬೇಕು."

"ಆಯ್ತು ಚಿಕ್ಕಪ್ಪ" ಎಂದರು ನಮ್ಮನೆಯವರು, ಹಿಂದೆ ಮುಂದೆ ನೋಡದೆ. ನನ್ನ ಸೊಂಟದಲ್ಲಿದ್ದ ಕೀಲಿಯನ್ನು ಪಣಕ್ಕಿಡುವ ಮುಂಚೆ ನನ್ನನ್ನೊಂದು ಮಾತು ಕೇಳಲಿಲ್ಲ. ರಾತ್ರಿ ನಾನು ಮುಖ ಊದಿಸಿಕೊಂಡಾಗ, "ಅದು ಸ್ಟಾರ್ಟೇ ಆಗಲ್ಲ ಬಿಡೇ" ಎಂದರು.

ಸ್ಟಾರ್ಟ್ ಆಗಲಿಲ್ಲ ನಿಜ. ಆದರೆ ಆಗಿಸುವ ಪ್ರಯತ್ನವನ್ನು ನಾನು ನೋಡಬೇಕಾಯಿತು. ಮಾವ ಅಂಗಳದಲ್ಲಿ ಕೂತು, ಗಾಡಿಯನ್ನು ಕಾಲಿನಿಂದ ಒತ್ತಿಹಿಡಿದು ಹಗ್ಗ ಎಳೆಯುತ್ತಿದ್ದರು. ಎಳೆದಷ್ಟೂ ಎಣ್ಣೆ ಒಳಗಿಳಿದು, ಎಂಜಿನ್ನಿನ ಹೊಟ್ಟೆ ತುಂಬಿ, ಹಗ್ಗವೇ ಸಿಕ್ಕಿಕೊಂಡಿತು. ಫೋನಿನಲ್ಲಿ ಸಾಹೇಬರು ಉಪಾಯ ಹೇಳಿದರು: ಮೇಲಿನ ಪ್ಲಗ್ಗು ಬಿಚ್ಚಿ, ಗಾಡಿ ಬೋರಲು ಮಾಡಿ, ಆಮೇಲೆ ಎಳೆಯಿರಿ. ಮಾವ ಪ್ಲಗ್ಗು ಬಿಚ್ಚಿದರು, ಬೋರಲು ಮಾಡುವುದನ್ನು ಮರೆತರು. ಎಳೆದ ರಭಸಕ್ಕೆ ಗುಲಾಬಿ ಎಣ್ಣೆ ಕಾರಂಜಿಯಂತೆ ಚಿಮ್ಮಿ ಅವರ ಮುಖಕ್ಕೂ, ತಂತಿಯಲ್ಲಿ ಒಣಗುತ್ತಿದ್ದ ನನ್ನ ಬಿಳಿ ಮೇಲುಹಾಸಿಗೂ ಬಿತ್ತು. ಅವರು ಮೊದಲು ತುಟಿ ನೆಕ್ಕಿ ನೋಡಿದರು.

"ಅಯ್ಯೋ, ವಿಷ ಮಾವ ಅದು!"

"ಖಾರವಾಗೈತೆ" ಎಂದು ಉಗಿದು, ನನ್ನ ಮೇಲುಹಾಸಿನ ಚುಂಗಿನಲ್ಲೇ ಮುಖ ಒರೆಸಿಕೊಂಡರು.

ಕೊನೆಗೂ ಅದು ಹತ್ತಿಕೊಂಡ ದಿನ ಇಡೀ ಬೀದಿ ಹೊರಗೆ ಬಂತು. ನಮ್ಮ ಬೀದಿಯ ಬೆನ್ನಿಗೇ ಮಧುಗಿರಿ ಬೆಟ್ಟ, ಬರೀ ಬಂಡೆ. ಕೂಗು ಬಂಡೆಗೆ ಬಡಿದು ಹಿಂದಿರುಗಿ ಇನ್ನೊಮ್ಮೆ ಕಿವಿಗೆ ಬೀಳುತ್ತಿತ್ತು. ಹೊಸ ಎಂಜಿನ್ನನ್ನು ಒಮ್ಮೆಲೇ ಓಡಿಸಬಾರದು, ಮೊದಲು ನಿಂತಲ್ಲೇ ಉರಿಸಿ, ಆರಿಸಿ, ಮತ್ತೆ ಉರಿಸಿ ಹದಕ್ಕೆ ತರಬೇಕು ಎಂದು ಸಾಹೇಬರು ಹೇಳಿದ್ದರು. ಆಗ ಎಣ್ಣೆಯನ್ನು ಧಾರಾಳವಾಗಿ ಬಿಡಬೇಕು, ಹೊಗೆ ದಟ್ಟವಾಗಿರಬೇಕು, ಸೈಲೆನ್ಸರಿನಿಂದ ಎಣ್ಣೆ ತೊಟ್ಟಿಕ್ಕಬೇಕು. "ಅಮ್ಮಾ, ಇದು ಬಚ್ಚಾ ಇದ್ದಂಗೆ. ಕಕ್ಕೋವಷ್ಟು ಕುಡಿಸ್ಬೇಕು. ಗಲೀಜು ಮಾಡ್ತಾ ಇದ್ರೆ ಆರೋಗ್ಯ ಚೆನ್ನಾಗಿದೆ ಅಂತ." ಮಾವ ಅದಕ್ಕೆ ಎಳೆ ಹೋರಿಯನ್ನು ನೊಗಕ್ಕೆ ಪಳಗಿಸುವ ಹೆಸರಿಟ್ಟರು: ಹೋರಿ ತಿದ್ದೋದು. ಹೋರಿಯ ಜೊಲ್ಲು ನನ್ನ ಅಂಗಳದ ತುಂಬ. ಸೋಪಿನ ಪುಡಿ ಹಾಕಿ ಉಜ್ಜಿದರೂ ಜಿಡ್ಡು ಬಿಡದು. ಮೇಲೆ ರಂಗೋಲಿ ಎಳೆದರೆ ಪುಡಿ ಹಳದಿಯಾಗಿ ಹರಡಿಕೊಳ್ಳುತ್ತಿತ್ತು. ತುಳಸಿಯ ಎಲೆಗಳು ಮಿರಿಮಿರಿ ಮಿಂಚುತ್ತಿದ್ದವು, ಬಜ್ಜಿಯ ಹಾಗೆ.

ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಇನ್ನೊಂದು. ಎಂಜಿನ್ನು ಅತಿಯಾಗಿ ಬಿಸಿಯಾಗಿದೆಯೇ ಎಂದು ತಿಳಿಯಲು ಅದರ ನೆತ್ತಿಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬೇಕು. ಮೆಲ್ಲಗೆ ಕುದಿದು ಆರಿದರೆ ಸರಿ. ಚುರ್ ಎಂದು ಹಾರಿಹೋದರೆ ಬಿಸಿ ಹೆಚ್ಚಾಗಿದೆ. ನಾನು ಬಟ್ಟಲಲ್ಲಿ ನೀರಿಟ್ಟೆ, ಪಕ್ಕದಲ್ಲಿ ಉದ್ಧರಣೆಯಷ್ಟು ಚಿಕ್ಕ ಚಮಚ. ಮಾವ ಬಗ್ಗಿ, ಕಿವಿ ಹತ್ತಿರ ತಂದು, ಥೂ ಎಂದು ಎಂಜಲನ್ನೇ ಉಗಿದರು. ಅಡಿಕೆ ರಸದ ಸಮೇತ. ಅದು ಆ ಲೋಹದ ಗೆರೆಗಳ ನಡುವೆ ಕೆಂಪಗೆ ನೊರೆಯೆದ್ದು, ಗುಳ್ಳೆಗುಳ್ಳೆಯಾಗಿ ಕುದಿದು, ಸುಟ್ಟು ಅಂಟಿಕೊಂಡಿತು. ಹರಳೆಣ್ಣೆಯ ಹೊಗೆಯ ಜೊತೆ ಬೇಯುವ ಎಂಜಲಿನ ವಾಸನೆ. ನಾನು ಬಚ್ಚಲಿಗೆ ಓಡಿ ಎರಡು ಸಲ ಮುಖ ತೊಳೆದುಕೊಂಡೆ.

"ನೀರಿಟ್ಟಿದ್ದೆನಲ್ಲ ಮಾವ."

"ನೀರು ಎಲ್ಲೈತೆ ಅಂತ ಹುಡುಕ್ಲಿ? ಬಾಯಿ ಯಾವಾಗ್ಲೂ ಇದ್ದಲ್ಲೇ ಇರ್ತೈತೆ."

ಸಾಹೇಬರ ಮಾತನ್ನು ಅವರು ಎರಡು ದಿನವೂ ಕೇಳಲಿಲ್ಲ. ಜೀವಮಾನವೆಲ್ಲ ಓನರಿನಿಂದ ಡೀಸೆಲ್ಲಿಗಾಗಿ ಬೈಸಿಕೊಂಡವರು. ಹೊಗೆ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. "ಹೊಗೆ ಬುಡೋ ಗಾಡಿ ಮನೆ ಹಾಳು ಮಾಡ್ತದೆ" ಎಂದು, ಎಣ್ಣೆ ಬಿಡುವ ಸೂಜಿಯನ್ನು ತಿರುಪಿ ತಿರುಪಿ ಬಿಗಿ ಮಾಡಿದರು. ಹೊಗೆ ನಿಂತಿತು. ಜಿಡ್ಡು ನಿಂತಿತು. ಅಂಗಳ ಒಣಗಿತು, ಕೂಗು ತೆಳ್ಳಗೆ ಚೆಂದವಾಯಿತು. ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಎಂಜಿನ್ನು ಕೀರೆಂದು ಕಿರುಚಿ, ಕೆಮ್ಮಿ, ಸತ್ತುಹೋಯಿತು. ಒಳಗೆ ಎಣ್ಣೆಯ ಪಸೆಯಿಲ್ಲದೆ ಕಾದು ಪ್ಲಗ್ಗಿನ ತಂತಿ ಸುಟ್ಟಿತ್ತು.

ಸಿರಾಕ್ಕೆ ಹೋಗಿ ಬಂದದ್ದಾಯಿತು. ಈ ಸಲ ಮಾವ ಪಾಠ ಕಲಿತರು, ಅತಿಯಾಗಿ ಕಲಿತರು. ಪಸೆ ಬೇಕಲ್ಲವೇ? ಪಸೆ ಎಂದರೆ ಹರಳೆಣ್ಣೆ ತಾನೇ? ಪಾವಗಡದ ಕಡೆಯ ಹಳೆಯ ಪರಿಚಯದವರೊಬ್ಬರು ಕಳಿಸಿದ್ದ ಹರಳೆಣ್ಣೆ ನನ್ನ ಅಡುಗೆಮನೆಯ ಮೇಲಿನ ಹಲಗೆಯಲ್ಲಿತ್ತು. ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ್ದನ್ನು ಸೌಟಿನಲ್ಲಿ ತೆಗೆದ ಮನೆಯ ಎಣ್ಣೆ. ನಾನು ತಲೆಗೆ ಹಚ್ಚಿಕೊಳ್ಳಲು ಇಟ್ಟುಕೊಂಡಿದ್ದು. ಮಾವ ಅದನ್ನು ಗುಲಾಬಿ ಎಣ್ಣೆಯ ಡಬ್ಬಕ್ಕೆ ಕೈ ಅಳತೆಯಲ್ಲಿ ಸುರಿದು, ಒಂದು ಬೆರಳು ಹಾಕಿ ಕಲಕಿ, ಆ ಬೆರಳನ್ನು ತಲೆಗೆ ಸವರಿಕೊಂಡರು. ಉಳಿದದ್ದನ್ನು ಬಾಗಿಲ ಚೌಕಟ್ಟಿಗೆ ಒರೆಸಿದರು.

ಆ ದಿನ ಎದ್ದ ಹೊಗೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಎಂಜಿನ್ನು ಎರಡು ನಿಮಿಷ ಗೊರಗೊರ ಎಂದು ನಿಂತಿತು. ಸಾಹೇಬರು ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡರು. ಮನೆಯ ಎಣ್ಣೆಯಲ್ಲಿ ಉಳಿದಿದ್ದ ನೀರೂ ಹರಳಿನ ಪುಡಿಯೂ ಕಾದು, ಬೆಲ್ಲದ ಏರುಪಾಕದಂತೆ ಒಳಗೆಲ್ಲ ಅಂಟಿಕೊಂಡಿತ್ತು.

"ಅರೆ ಚಾಚಾ, ಏನ್ ಹಾಕಿದ್ರಿ ಇದಕ್ಕೆ?"

"ಮನೇದು. ಕಲಬೆರಕೆ ಇಲ್ಲ."

"ಇಂಜಿನ್ನಿಗೆ ಭೇದಿ ಮಾಡ್ಸೋಕೆ ಹೋಗಿದ್ರಾ?"

ಮಾವ ಎಷ್ಟು ನಕ್ಕರೆಂದರೆ ಎಲೆಯಡಿಕೆಯ ತುಂತುರು ಸಾಹೇಬರ ಬಿಳಿ ಗಡ್ಡದವರೆಗೂ ಹೋಯಿತು. ಸಾಹೇಬರು ಪೆಟ್ರೋಲಿನ ಬಟ್ಟೆಯಿಂದ ಗಡ್ಡ ಒರೆಸಿಕೊಂಡರು. ಆ ಕ್ಷಣ ನಾನೂ ಅವರೂ ಒಬ್ಬರ ಮುಖ ಒಬ್ಬರು ನೋಡಿದ್ದು ಈಗಲೂ ನೆನಪಿದೆ.

ಕೊನೆಯ ಪಾಠ ನಡೆಸುವುದರದು. ಗಾಡಿ ನಮ್ಮಿಂದ ದೂರ ಹೋಗುವಾಗ ಬಲಕ್ಕೆ ತಿರುಗಿಸಿದರೆ ಬಲಕ್ಕೇ ಹೋಗುತ್ತದೆ. ಎದುರಿಗೆ ಬರುವಾಗ ನಮ್ಮ ಬಲ ಅದಕ್ಕೆ ಎಡ. ಹೊಸಬರು ಅಲ್ಲೇ ಕೆಡುತ್ತಾರಂತೆ. "ಹೊರಗಿಂದ ನೋಡಬೇಡಿ ಚಾಚಾ. ನೀವೇ ಒಳಗೆ ಕೂತಿದೀರಿ ಅಂದ್ಕೊಳ್ಳಿ" ಎಂದರು ಸಾಹೇಬರು. ಈ ಒಂದು ಮಾತು ಮಾವನಿಗೆ ಬಹಳ ಹಿಡಿಸಿತು. ಅಂದಿನಿಂದ ರಿಮೋಟಿನ ಪೆಟ್ಟಿಗೆ ಹಿಡಿದರೆ ಅವರ ಮೈಯೇ ಬದಲಾಗುತ್ತಿತ್ತು. ತಿರುವಿನಲ್ಲಿ ಇಡೀ ದೇಹ ಓರೆಯಾಗುತ್ತಿತ್ತು, ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ಪರೀಕ್ಷೆಗೆ ಅವರು ಆರಿಸಿದ್ದು ಸಿರಾ ಕಡೆಯ ಮದಲೂರು ಕೆರೆ. ನೀರು ಹಿಂದೆ ಸರಿದ ಕಡೆ ನೆಲ ಗಟ್ಟಿಯಾಗಿ, ಚಪ್ಪಟೆಯಾಗಿ ಹರಡಿತ್ತು. ಒಂದು ಪಕ್ಕಕ್ಕೆ ಏರಿ, ಏರಿಯ ಮೇಲೆ ಮಣ್ಣಿನ ದಾರಿ. ನಮ್ಮನೆಯವರು ಬಿಳಿ ಅಂಗಿಯಲ್ಲಿ ದೂರ ನಡೆದುಹೋಗಿ ನಿಂತು, ಇಲ್ಲಿದ್ದೀನಿ ಎಂದು ಕೂಗಿದರು. ನಾನು ಮಾವನ ಪಕ್ಕದಲ್ಲಿದ್ದೆ. ಅವರು ಆ ದಿನ ಕ್ಷೌರ ಮಾಡಿಸಿಕೊಂಡಿದ್ದರು. ಕಿವಿಯ ಹಿಂದೆ ಸೋಪಿನ ನೊರೆ ಒಣಗಿ ಬೆಳ್ಳಗೆ ಹಾಗೇ ಉಳಿದಿತ್ತು.

ಒಂದೇ ಎಳೆತಕ್ಕೆ ಎಂಜಿನ್ನು ಹತ್ತಿಕೊಂಡಿತು. ಹದವಾದ ಹೊಗೆ. ಮಾವ ನೆತ್ತಿಗೆ ಉಗಿದು, ಮೆಲ್ಲಗೆ ಕುದಿಯುವುದನ್ನು ಕೇಳಿ, ತಲೆದೂಗಿದರು.

"ಪದ, ಪದ!" ಅವರಿಗೆ ಹುಮ್ಮಸ್ಸು ಬಂದರೆ ಪಾವಗಡದ ಲೈನಿನ ತೆಲುಗು ಬರುತ್ತಿತ್ತು. ನಡಿ, ನಡಿ.

ಗಾಡಿ ಹೋಯಿತು. ನೆಟ್ಟಗೆ, ಧೂಳೆಬ್ಬಿಸುತ್ತ ಹೋಗಿ, ನಮ್ಮನೆಯವರ ಸುತ್ತ ಹಗ್ಗ ಕಟ್ಟಿ ಎಳೆದಂತೆ ಒಂದು ಸುತ್ತು ಬಂತು. ನನ್ನ ಕೈ ತಾನಾಗಿ ಸೊಂಟದ ಗೊಂಚಲಿಗೆ ಹೋಯಿತು. ಸೊಪ್ಪಿನವಳ ಮುಖ ಕಣ್ಣ ಮುಂದೆ ಬಂತು. ಈಗ ಕೊಡಲೇಬೇಕು, ಮಾತು ಮಾತೇ.

ವಾಪಸ್ಸು ಬರುವ ದಾರಿಯಲ್ಲಿ ದನಗಳ ಗೊರಸು ಊರಿದ, ಒಣಗಿ ಕಲ್ಲಿನಂತಾದ ಗುಂಡಿಗಳಿದ್ದವು. ಗಾಡಿ ಒಂದಕ್ಕೆ ಬಡಿದು, ಮೇಲೆ ಹಾರಿ, ಮಗುಚಿ ಬಿತ್ತು. ನಾಲ್ಕು ಚಕ್ರವೂ ಆಕಾಶಕ್ಕೆ. ಎಂಜಿನ್ನು ಆರಿತು. ನಮ್ಮನೆಯವರು ಹೋಗಿ ಅದನ್ನು ಎತ್ತಿಕೊಂಡರು.

ಅದೇ ಹೊತ್ತಿಗೆ ಏರಿಯ ಮೇಲೆ ಹಾಲಿನ ಕ್ಯಾನು ಕಟ್ಟಿದ ಹಳೆಯ ಮೊಪೆಡ್ಡೊಂದು ಕಿರುಚಿಕೊಂಡು, ಧೂಳೆಬ್ಬಿಸಿಕೊಂಡು ನಮ್ಮ ಕಡೆ ಬರುತ್ತಿತ್ತು.

ಪಕ್ಕಕ್ಕೆ ನೋಡಿದೆ. ಮಾವನ ಬೆರಳು ಇನ್ನೂ ಒತ್ತುತ್ತಲೇ ಇತ್ತು. ಏರಿ ಬಾಗಿದಲ್ಲಿ ಮೊಪೆಡ್ಡು ಬಾಗಿತು. ಮಾವನ ಮೈಯೂ ಬಾಗಿತು.

"ನೋಡ್ದಾ ಕಾನ್ವೆಂಟಮ್ಮ! ಏರಿ ಹತ್ತಿಸ್ಬುಟ್ಟೆ! ಹೆಂಗ್ ಬರ್ತೈತೆ ನೋಡು! ತಗಿ, ಕೀಲಿ ತಗಿ ಈಚೆಗೆ!"

ಕೆಂಪು ರಸ ಗಲ್ಲದಿಂದ ಹೊಸ ಅಂಗಿಯ ಮೇಲೆ ಇಳಿಯುತ್ತಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ. ಮೊಪೆಡ್ಡು ಹತ್ತಿರವಾಯಿತು. ಮಾವ ಬ್ರೇಕು ಒತ್ತಿದರು. ಮೊಪೆಡ್ಡು ನಿಲ್ಲಲಿಲ್ಲ, ನಮ್ಮ ತಲೆಯ ಮೇಲೆ, ಏರಿಯ ಉದ್ದಕ್ಕೆ ದಾಟಿಹೋಯಿತು. ಅವರು ಮತ್ತೆ ಒತ್ತಿದರು. ಬಲಗಾಲಿನಿಂದ ನೆಲವನ್ನು ತುಳಿದರು.

"ಬ್ರೇಕ್ ಹಿಡೀತಿಲ್ಲ ಕಣಮ್ಮ! ಬ್ರೇಕ್ ಹೋಗೈತೆ! ಮುಂದೆ ಯಾರಾದ್ರೂ ಅವ್ರಾ ನೋಡು! ಕೂಗು, ಕೂಗಮ್ಮ, ಸರ್ಕೊಳ್ಳಿ ಅನ್ನು!"

ಆ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಬಸ್ಸಿನ ತುಂಬ ಜನರಿದ್ದಾರೆ ಎಂಬಂತಿತ್ತು.

"ಮಾವ, ಅದು ನಮ್ಮ ಗಾಡಿ ಅಲ್ಲ. ಹಾಲಿನವರ ಮೊಪೆಡ್ಡು."

ಬೆರಳು ಬಿಡಲಿಲ್ಲ. ಸದ್ದು ಏರಿಯ ಆಚೆ ಇಳಿದು ಸಣ್ಣಗಾಗಿ ಇಲ್ಲವಾಯಿತು.

"ನಮ್ದು?"

"ಆಗಲೇ ಮಗುಚಿಕೊಳ್ತು. ಇವರ ಕೈಯಲ್ಲಿದೆ."

"ಎಲ್ಲವ್ನೆ ಇವ್ನು?"

ನಮ್ಮನೆಯವರು ಅಷ್ಟರಲ್ಲಿ ನಡೆದು ಬಂದಿದ್ದರು. ಬಿಳಿ ಅಂಗಿ, ಎದೆಗವಚಿ ಹಿಡಿದ ಗಾಡಿ, ಅಂಗಿಯ ಮೇಲೆ ಸೋರಿದ ಎಣ್ಣೆ. ನಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಿಸಿಲಿನಲ್ಲಿ, ಬಾಯಿ ಬಿಗಿಹಿಡಿದು ನಿಂತಿದ್ದರು.

"ಇಲ್ಲೇ ಎದುರಿಗಿದ್ದಾರೆ ಮಾವ."

ಅವರು ಎದುರಿಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕತ್ತಿಗೆ ತಗುಲಿಸಿಕೊಂಡಿದ್ದ ರಿಮೋಟಿನ ಪಟ್ಟಿಯನ್ನು ತಾವೇ ತೆಗೆದರು.

"ಕೀಲಿ ನಿನ್ತಾವೇ ಇರ್ಲಿ ಬುಡು" ಎಂದು ಕೈ ಚಾಚಿದರು, ನಾನು ನಿಂತಿದ್ದಕ್ಕಿಂತ ಸ್ವಲ್ಪ ಆಚೆಗೆ.

ನಾನೇ ಆ ಕಡೆ ಸರಿದು ಕೈ ಹಿಡಿದೆ. ಎಣ್ಣೆ, ಸುಣ್ಣ, ಎಂಜಲು ಎಲ್ಲ ಸೇರಿ ಅಂಟಂಟಾಗಿದ್ದ ಕೈ. ಬಿಡಲಿಲ್ಲ. ಕಾರಿನವರೆಗೂ ನಡೆಸಿಕೊಂಡು ಬಂದೆ. ಆ ದಾರಿಯುದ್ದಕ್ಕೂ ಮಾವ ಹಾಲಿನವನನ್ನು ಬೈಯುತ್ತಲೇ ಇದ್ದರು.

"ಏನ್ ಓಡಿಸ್ತಾನೆ ಕಣಮ್ಮ ಬಡ್ಡಿಮಗ. ತಿರುವಲ್ಲಿ ಸ್ಲೋ ಮಾಡ್ಬ್ಯಾಡ್ವಾ? ಒಂದ್ ಹಾರನ್ ಹೊಡಿಬ್ಯಾಡ್ವಾ? ಎದ್ರುಗೆ ನನ್ನಂಗೆ ಕಣ್ಣು ಕಾಣ್ದೋನು ಬಂದ್ಬುಟ್ಟಿದ್ರೆ ಏನಮ್ಮ ಗತಿ?"